ಇಟ್ಟಿಗೆ ಹುಳದೊಳಗೆ ಬೆಳೆಯುವ ನೊಣ



ನಮ್ಮ ಬಚ್ಚಲುಮನೆ ಹಿಂದೆ ತೇವದ ಜಾಗದಲ್ಲಿ ನಾಲ್ಕು ಹಳೇ ಇಟ್ಟಿಗೆ ಬಿದ್ದಿವೆ. ಅವನ್ನು ಎತ್ತಿದರೆ ಸಾಕು, ಬೂದು ಬಣ್ಣದ ಚಿಕ್ಕ ಹುಳಗಳು ದಿಕ್ಕಾಪಾಲಾಗಿ ಓಡುತ್ತವೆ. ನಮ್ಮ ಮನೆಯಲ್ಲಿ ಇದಕ್ಕೆ ಹೆಸರೇ ಇಲ್ಲ. ನಾನು ಇಟ್ಟಿಗೆ ಹುಳ ಅಂತ ಕರೀತೀನಿ. ಇಂಗ್ಲಿಷಿನಲ್ಲಿ ವುಡ್‌ಲೌಸ್. ಮೊದಲೆಲ್ಲ ನಾನು ಇವುಗಳ ಮೇಲೆ ಹಂಡೆಯ ಬಿಸಿನೀರು ಸುರಿದು ಮಜಾ ನೋಡುತ್ತಿದ್ದೆ. ಒಂದು ದಿನ ಅಜ್ಜಿ ನೋಡಿ, "ಅದೇನು ನಿನ್ನ ಗಂಟು ತಿಂದೈತೇನೋ? ಯಾಕೆ ಸುಡ್ತೀಯ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. "ಮೊದಲು ಅದರ ಕಾಲು ಎಣಿಸ್ಕೊಂಡು ಬಾ" ಅಂದರು. ಎಣಿಸಿದೆ. ೭ ಜೊತೆ, ಅಂದರೆ ೧೪ ಕಾಲು! ಕೀಟಗಳಿಗೆ ೬ ಕಾಲು ತಾನೇ? ಹಾಗಾದರೆ ಇದು ಕೀಟವೇ ಅಲ್ಲ. ಇದು ಏಡಿ, ಸೀಗಡಿಗಳ ಬಳಗ. ಹೊಟ್ಟೆಯ ಕೆಳಗಿರುವ ಕಿವಿರಿನಂಥ ಅಂಗಗಳಿಂದ ಉಸಿರಾಡುವುದರಿಂದ ಇದಕ್ಕೆ ಸದಾ ತೇವ ಬೇಕು. ಕೊಳೆತ ಎಲೆ, ಕಡ್ಡಿಗಳೇ ಇದರ ಮುಖ್ಯ ಆಹಾರ. ತಾಯಿಹುಳ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲಿ ಹೊತ್ತುಕೊಂಡೇ ತಿರುಗುತ್ತದೆ.

ಆಮೇಲೆ ಮೇಷ್ಟ್ರು ಇದರ ಒಬ್ಬ ಶತ್ರುವಿನ ವಿಷಯ ಹೇಳಿದರು. ಅದು ಯುರೋಪಿನ ಒಂದು ಕಪ್ಪು ನೊಣ. ಮನೆನೊಣಕ್ಕಿಂತ ಚಿಕ್ಕದು. ಹೆಸರು ಮೆಲನೊಫೋರಾ ರೊರಾಲಿಸ್. ೧೭೫೮ರಲ್ಲಿ ಲಿನೇಯಸ್ ಇದಕ್ಕೆ ಹೆಸರಿಟ್ಟರು. ಹೆಣ್ಣಿನ ಕಪ್ಪು ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ, ಗಂಡಿಗೆ ಇಲ್ಲ. ಈ ನೊಣ ಈಗ ಅಮೆರಿಕ ಖಂಡಗಳಿಗೂ ಹೋಗಿ ಸೇರಿದೆ. ಇದರ ಕುಟುಂಬದ ಹೆಸರು ರೈನೊಫೋರಿಡೆ. ಈ ನೊಣಗಳ ಬಗ್ಗೆ ಡಬ್ಲ್ಯು. ಆರ್. ಥಾಂಪ್ಸನ್ ಎಂಬ ವಿಜ್ಞಾನಿ ೧೯೩೪ರಲ್ಲೇ ವಿವರವಾಗಿ ಬರೆದಿದ್ದಾರೆ.

ಈ ಕುಟುಂಬದ ನೊಣಗಳ ಬದುಕು ಕೇಳಿ. ತಾಯಿನೊಣ ಮೊಟ್ಟೆಯನ್ನು ಹುಳದ ಮೈಮೇಲೆ ಇಡುವುದಿಲ್ಲ. ಹುಳಗಳು ಓಡಾಡುವ ಜಾಗದಲ್ಲಿ ಇಟ್ಟು ಹೊರಟುಹೋಗುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಹುಳ ಹತ್ತಿರ ಬಂದಾಗ ಅಂಟಿಕೊಳ್ಳಬೇಕು. ಬರದಿದ್ದರೆ ಸಾವೇ ಗತಿ.

ಅಂಟಿಕೊಂಡರೂ ಒಳಗೆ ಹೋಗುವುದು ಸುಲಭವಲ್ಲ, ಹುಳದ ಕವಚ ಗಟ್ಟಿ. ಆದರೆ ಕವಚ ಬೆಳೆಯುವುದಿಲ್ಲವಲ್ಲ, ಹಾಗಾಗಿ ಹಾವು ಪೊರೆ ಬಿಟ್ಟಂತೆ ಹುಳ ಆಗಾಗ ಅದನ್ನು ಕಳಚುತ್ತದೆ. ಅದೂ ಎರಡು ಕಂತಿನಲ್ಲಿ! ಮೊದಲು ಹಿಂದಿನ ಅರ್ಧ, ಆಮೇಲೆ ಮುಂದಿನ ಅರ್ಧ. ಹೊಸ ಕವಚ ಇನ್ನೂ ಮೆತ್ತಗಿರುವಾಗಲೇ ಮರಿ ಎರಡು ಪಟ್ಟಿಗಳ ನಡುವಿನ ತೆಳು ಚರ್ಮದಲ್ಲಿ ನುಸುಳಿ ಒಳಹೊಗುತ್ತದೆ. ಮೊದಮೊದಲು ಮೈಯೊಳಗಿನ ರಸವನ್ನಷ್ಟೇ ಹೀರುತ್ತದೆ. ಹುಳ ಬದುಕಿಯೇ ಇರುತ್ತದೆ. ಕೊನೆಗೆ ಒಳಗಿನದನ್ನೆಲ್ಲ ತಿಂದು, ಆ ಖಾಲಿ ಕವಚದೊಳಗೇ ಕೋಶವಾಗಿ, ನೊಣವಾಗಿ ಹೊರಬರುತ್ತದೆ. ಒಂದು ಹುಳದಲ್ಲಿ ಸಾಮಾನ್ಯವಾಗಿ ಒಂದೇ ಮರಿ ಉಳಿಯುತ್ತದೆ.

ಇದನ್ನು ಕೇಳಿ ನಮ್ಮ ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು. "ಥೂ, ಎಂಥಾ ಪಾಪಿ ನೊಣ!" ಅಂತ ನನ್ನ ಪಕ್ಕದವನು ಅಂದ. ನಾನೂ ಹೌದು ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅಜ್ಜಿಯ ಮಾತು ನೆನಪಾಯಿತು. ಒಂದು ನೊಣ ಬೆಳೆಯಲು ಒಂದು ಹುಳ ಸಾಕು. ಅದಕ್ಕೆ ಬೇರೆ ದಾರಿಯೂ ಇಲ್ಲ. ನಾನು ಒಂದೇ ತಂಬಿಗೆ ನೀರಿನಲ್ಲಿ ಎಷ್ಟು ಹುಳ ಕೊಂದೆನೋ, ಲೆಕ್ಕವೇ ಇಟ್ಟಿಲ್ಲ. ಅದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ನಾನು ಸುಮ್ಮನೆ ಕೂತುಬಿಟ್ಟೆ.

ಈಗ ಬಿಸಿನೀರು ಸುರಿಯುವುದಿಲ್ಲ. ಮೈಯ ಅರ್ಧ ಭಾಗ ಮಾತ್ರ ಬೆಳ್ಳಗಾದ ಹುಳ ಸಿಗುತ್ತದಾ ಅಂತ ಹುಡುಕುತ್ತಿದ್ದೇನೆ. ಸಿಕ್ಕರೆ ಅದು ಕವಚ ಬದಲಿಸುತ್ತಿದೆ ಎಂದರ್ಥ. ನೀವೂ ಹುಡುಕಿ. ಆದರೆ ನೋಡಿದ ಮೇಲೆ ಇಟ್ಟಿಗೆಯನ್ನು ಮೊದಲಿದ್ದ ಹಾಗೇ, ನಿಧಾನವಾಗಿ ಇಡಿ. ಕೆಳಗೆ ಚೀಲದಲ್ಲಿ ಮೊಟ್ಟೆ ಹೊತ್ತ ತಾಯಿ ಇರಬಹುದು.

– ೮ನೇ ತರಗತಿಯ ವಿದ್ಯಾರ್ಥಿ