ಹಿಮನದಿ ಕುಗ್ಗಿದ್ದು ಉಪಗ್ರಹಕ್ಕೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ಹಿಮಾಲಯದ ಹಿಮನದಿಗಳು ಕುಗ್ಗುತ್ತಿವೆ ಎಂದು ಉಪಗ್ರಹದ ಚಿತ್ರ ನೋಡಿ ಹೇಳುವುದು ಹೇಗೆ? ನಮ್ಮ ಕೃಷ್ಣೆಗೂ ಅದರಿಂದ ತೊಂದರೆಯಿದೆಯೇ?
— ಓದುಗರು, ಸುರಪುರ

ಉತ್ತರ: ಕೃಷ್ಣೆಯ ಮಾತು ಮೊದಲು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ, ಭೀಮಾಶಂಕರದ ಭೀಮೆ ಎರಡೂ ಮಳೆಯನ್ನೇ ನಂಬಿದ ನದಿಗಳು. ಯಾದಗಿರಿ ಜಿಲ್ಲೆಗೆ ಹಿಮನದಿಯ ನೀರು ಬರುವುದಿಲ್ಲ.

ಹಿಮವು ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ಪ್ರತಿಫಲಿಸಿ, ಕಿರುತರಂಗದ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಮೋಡ ಎರಡನ್ನೂ ಪ್ರತಿಫಲಿಸುತ್ತದೆ. ಇಸ್ರೊದ ರಿಸೋರ್ಸ್‌ಸ್ಯಾಟ್ ಕ್ಯಾಮೆರಾಗಳು ಎರಡನ್ನೂ ಅಳೆಯುವುದರಿಂದ ಹಿಮ ಯಾವುದು, ಮೋಡ ಯಾವುದು ಎಂದು ಬೇರ್ಪಡಿಸಬಹುದು. ಚಳಿಗಾಲದ ಹಿಮ ಕರಗಿ ಮುಗಿಯುವ ಆಗಸ್ಟ್–ಸೆಪ್ಟೆಂಬರ್‌ನ ಚಿತ್ರಗಳನ್ನೇ ಆರಿಸಿ, ವರ್ಷ ವರ್ಷದ ಅಂಚುಗಳನ್ನು ಹೋಲಿಸುತ್ತಾರೆ.

ನಿಜವಾದ ಕಷ್ಟ ಹಿಮನದಿಯ ಕೆಳತುದಿಯಲ್ಲಿದೆ. ಅಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲುಮಣ್ಣು ಹರಡಿ, ಮೇಲಿನಿಂದ ನೋಡಿದರೆ ಶಹಾಪುರದ ಗುಡ್ಡದ ಬಂಡೆರಾಶಿಯಂತೆ ಕಾಣುತ್ತದೆ. ಅಂಚು ಹಿಂದೆ ಸರಿಯದೆಯೇ ಒಳಗೆ ತೆಳುವಾಗುವುದೂ ಉಂಟು. ಅದನ್ನು ಹಿಡಿಯಲು ಎತ್ತರವನ್ನೂ ಅಳೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿ ಅನಿಲ್ ಕುಲಕರ್ಣಿ ಮತ್ತು ಅವರ ಸಹೋದ್ಯೋಗಿಗಳು ಇಂಥ ಅಧ್ಯಯನ ಮಾಡಿದ್ದಾರೆ.

ಕರಗಿದ ನೀರು ನಿಲ್ಲುವ ಸರೋವರಗಳೂ ಸಾಕ್ಷಿ ಹೇಳುತ್ತವೆ. ಹಿಮಾಚಲದ ಗೇಪಾಂಗ್ ಘಾಟ್ ಸರೋವರ 1989ರಲ್ಲಿ 36.49 ಹೆಕ್ಟೇರ್ ಇತ್ತು; 2022ಕ್ಕೆ 101.30 ಹೆಕ್ಟೇರ್ ಆಯಿತೆಂದು ಇಸ್ರೊ 2024ರಲ್ಲಿ ತಿಳಿಸಿತು. ಇಂಥ ಸರೋವರ ಒಡೆದರೆ ಕೆಳಗಿನ ಊರುಗಳ ಗತಿಯೇನು ಎಂಬುದೇ ದೊಡ್ಡ ಆತಂಕ.

ನಾರಾಯಣಪುರದ ಬಸವಸಾಗರದ ನೀರಿನ ಹರವನ್ನೂ ಇಂಥ ಚಿತ್ರಗಳಿಂದಲೇ ಅಳೆಯಬಹುದು. ಸಮೀಪದ ಅವಕೆಂಪು ಕಿರಣವನ್ನು ನೀರು ಹೀರಿಕೊಳ್ಳುವುದರಿಂದ ಜಲಾಶಯ ಚಿತ್ರದಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ.