ಬಿಪಿ ಮಷೀನಿನಿಂದ ತಪ್ಪು ಹೇಳಿಸುವವರು ನಾವೇ

2025ರ ಜೂನ್ ಕೊನೆ, ಜುಲೈ ಮೊದಲಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುತ್ತಲೇ ಉದ್ದುದ್ದ ಸಾಲುಗಳು ನಿಂತವು. ಯಾವ ತೊಂದರೆಯೂ ಇಲ್ಲದವರೂ ಹೆದರಿ ಬಂದಿದ್ದರು. ಒಂದು ಇಸಿಜಿ ತೆಗೆಸಿ ‘ಏನೂ ಇಲ್ಲ’ ಅನ್ನಿಸಿಕೊಂಡರೆ ಮನಸ್ಸಿಗೆ ಸಮಾಧಾನ. ಆ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಇವತ್ತಿನ ಇಸಿಜಿ ಹೇಳುವುದು ಹೆಚ್ಚಾಗಿ ಇವತ್ತಿನ ಹೃದಯದ ಮಾತನ್ನು. ಹೃದಯವನ್ನೂ ರಕ್ತನಾಳಗಳನ್ನೂ ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುವ ರಕ್ತದೊತ್ತಡವನ್ನು ಅಳೆಯುವ ಸಾಧನ ಈಗ ಎಷ್ಟೋ ಮನೆಗಳ ಬೀರುವಿನಲ್ಲೇ ಇದೆ. ಅದನ್ನು ಬಳಸುವ ಬಗೆ, ಅದು ತೋರಿಸಿದ ಅಂಕಿಯನ್ನು ಅರ್ಥಮಾಡಿಕೊಳ್ಳುವ ಬಗೆ, ಎರಡರ ಸುತ್ತಲೂ ತಪ್ಪು ಕಲ್ಪನೆಗಳು ಬೆಳೆದುಕೊಂಡಿವೆ.

“ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ. ಬಿಪಿ ಎಲ್ಲಿಂದ ಬರಬೇಕು?”

ಸತ್ಯ: ಬಿಪಿ ಏರಿದ ಬಹುತೇಕರಿಗೆ ಏನೂ ಅನ್ನಿಸುವುದಿಲ್ಲ. 150, 160 ಇಟ್ಟುಕೊಂಡೇ ಹೊಲದ ಕೆಲಸ, ಆಫೀಸು, ಮದುವೆ ಓಡಾಟ ಎಲ್ಲ ಮಾಡಿಕೊಂಡಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ ಬಿಪಿ ಹೆಚ್ಚಿತ್ತು ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿತ್ತು. ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಅಳೆಯದೆ ಇದನ್ನು ತಿಳಿಯುವ ದಾರಿ ಇಲ್ಲ.

“ಪಾದರಸದ ಮಷೀನೇ ಸರಿ, ಡಿಜಿಟಲ್ ನಂಬಬಾರದು”

ಈ ಮಾತನ್ನು ಹೇಳುವವರಿಗೆ ಒಂದು ಕಾರಣವಂತೂ ಇದೆ. ಇಟಲಿಯ ರಿವಾ ರೋಚಿ 1896ರಲ್ಲಿ ತೋಳಿಗೆ ಕಟ್ಟುವ ಕಫ್ ರೂಪಿಸಿದ. ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವ ವಿಧಾನ ತೋರಿಸಿಕೊಟ್ಟ. ಅಲ್ಲಿಂದ ಒಂದು ಶತಮಾನ ವೈದ್ಯರು ನಂಬಿದ್ದು ಅದನ್ನೇ. ಈಗ ಪಾದರಸದ ವಿಷದ ಕಾರಣಕ್ಕೆ ಜಗತ್ತೇ ಆ ಉಪಕರಣವನ್ನು ಬಿಡುತ್ತಿದೆ. ಅದರಲ್ಲೂ ತಪ್ಪಿಗೆ ಜಾಗವಿತ್ತು: ಅವಸರದಲ್ಲಿ ನೋಡುವವರು 120, 130, 140 ಎಂದು ಸೊನ್ನೆಗೆ ಸರಿದೂಗಿಸಿ ಬರೆದುಬಿಡುತ್ತಿದ್ದರು.

ಡಿಜಿಟಲ್ ಮಷೀನ್ ಸದ್ದು ಕೇಳುವುದಿಲ್ಲ. ಕಫ್‌ನ ಗಾಳಿ ಇಳಿಯುವಾಗ ರಕ್ತನಾಳದ ಬಡಿತದಿಂದ ಆಗುವ ಸಣ್ಣ ಅದುರುವಿಕೆಗಳನ್ನು ಹಿಡಿದು, ಅದರಿಂದ ಮೇಲಿನ ಮತ್ತು ಕೆಳಗಿನ ಬಿಪಿಯನ್ನು ಲೆಕ್ಕ ಹಾಕುತ್ತದೆ. ಪರೀಕ್ಷೆಗೆ ಒಳಪಟ್ಟು ದೃಢಪಟ್ಟ ಮಾಡೆಲ್ ಆದರೆ ಈ ಲೆಕ್ಕ ಮನೆಬಳಕೆಗೆ ಧಾರಾಳ ಸಾಕು. ಅಂಥ ಮಾಡೆಲ್‌ಗಳ ಪಟ್ಟಿಯನ್ನು ‘ಸ್ಟ್ರೈಡ್ ಬಿಪಿ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪ್ರಕಟಿಸುತ್ತದೆ. ಕೊಳ್ಳುವ ಮುಂಚೆ ನೋಡಿಕೊಳ್ಳಬಹುದು. ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಮಣಿಕಟ್ಟಿನದು ಕೈಯ ಎತ್ತರ ಸ್ವಲ್ಪ ಬದಲಾದರೂ ಬೇರೆ ಅಂಕಿ ಕೊಡುತ್ತದೆ. ಬೆರಳಿಗೆ ಸಿಕ್ಕಿಸುವುದು, ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇನೆನ್ನುವ ಆ್ಯಪ್, ಇವನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ. ಎಡೆಬಿಡದೆ ಮಿಡಿತ ತಪ್ಪುವ ಹೃದಯದ ಕಾಯಿಲೆ ಇರುವವರಲ್ಲಿ ಮಾತ್ರ ಡಿಜಿಟಲ್ ಲೆಕ್ಕವೂ ಏರುಪೇರಾಗಬಹುದು. ಅವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಇನ್ನು ಅಳೆಯುವ ಬಗೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗ ಮಷೀನ್ ತಂದು ಸಾಲಾಗಿ ಎಲ್ಲರ ಬಿಪಿ ನೋಡುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅಜ್ಜಿ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಒರಗಿದ್ದಾರೆ, ಕೈ ತೊಡೆಯ ಮೇಲಿದೆ, ಕಫ್ ಸ್ವೆಟರಿನ ಮೇಲೆಯೇ ಕಟ್ಟಿದೆ. ಮಷೀನ್ ಗಾಳಿ ತುಂಬುತ್ತಿರುವಾಗ “ಹೋದ ಸಲ ಎಷ್ಟಿತ್ತು ಪುಟ್ಟಾ?” ಅನ್ನುತ್ತಾರೆ. ಅಂಕಿ 158 ಬರುತ್ತದೆ. ಮನೆಯವರಿಗೆಲ್ಲ ಗಾಬರಿ.

ಆ ಅಂಕಿಯಲ್ಲಿ ಅಜ್ಜಿಯ ಬಿಪಿ ಎಷ್ಟು, ಕೂತ ಭಂಗಿಯ ಪಾಲು ಎಷ್ಟು ಎಂದು ಬೇರ್ಪಡಿಸಲಾಗದು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟಕ್ಕೇ ಅಂಕಿ ಏಳೆಂಟು ಹೆಚ್ಚುತ್ತದೆ. ನಡುವಿನ ರಕ್ತದ ಭಾರ ಅದು. ಕಾಲ ಮೇಲೆ ಕಾಲು, ಆಸರೆಯಿಲ್ಲದ ಬೆನ್ನು, ಮಾತು, ಮೂತ್ರ ಕಟ್ಟಿಕೊಂಡಿರುವುದು, ಇವೆಲ್ಲ ಸೇರಿ ಇನ್ನಷ್ಟು ಏರಿಸುತ್ತವೆ. ಕಫ್‌ನ ಅಳತೆಯನ್ನಂತೂ ಯಾರೂ ಗಮನಿಸುವುದಿಲ್ಲ. ಮಷೀನ್ ಜೊತೆ ಸಾಮಾನ್ಯವಾಗಿ ಬರುವುದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಹೊಂದುವ ಕಫ್. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ದರ್ಜಿಯ ಟೇಪಿನಲ್ಲಿ ತೋಳಿನ ನಡುಭಾಗ ಅಳೆದು, ಕಫ್ ಮೇಲೆ ಮುದ್ರಿಸಿರುವ ಅಂಕಿಗೆ ಹೋಲಿಸಿ ನೋಡಿ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕಾಫಿ, ಬೀಡಿ-ಸಿಗರೇಟು, ನಡಿಗೆ ಇವುಗಳಿಂದ ಅರ್ಧ ಗಂಟೆ ದೂರವಿರಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಒಂದು ಬೆರಳಗಲ ಮೇಲೆ ಕಫ್ ಕಟ್ಟಿ, ಕೈಯನ್ನು ಟೇಬಲ್ ಮೇಲೆ ಅಂಗೈ ಮೇಲಾಗಿ ಇಡಿ. ಟೇಬಲ್ ತಗ್ಗಾಗಿದ್ದರೆ ಕೈಕೆಳಗೆ ಒಂದು ದಿಂಬು. ಮಷೀನ್ ನಿಲ್ಲುವ ತನಕ ಮಾತು ಬೇಡ, ಟೀವಿಯೂ ಬೇಡ. ಮೊದಲ ಸಲ ಎರಡೂ ತೋಳು ನೋಡಿ. ಪ್ರತಿ ಸಲವೂ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಹೆಚ್ಚು ತೋರಿಸುವ ತೋಳನ್ನೇ ಮುಂದೆ ಬಳಸಿ, ವೈದ್ಯರಿಗೂ ತಿಳಿಸಿ.

“ಮೂರು ಸಲ ನೋಡಿದರೆ ಮೂರು ಅಂಕಿ. ಮಷೀನ್ ಕೆಟ್ಟಿದೆ”

ಕೆಟ್ಟಿರಬೇಕಾಗಿಲ್ಲ. ರಕ್ತದೊತ್ತಡ ಬಡಿತದಿಂದ ಬಡಿತಕ್ಕೆ ಬದಲಾಗುತ್ತಲೇ ಇರುತ್ತದೆ. ನಿದ್ದೆಯಲ್ಲಿ ಇಳಿಯುತ್ತದೆ, ಎದ್ದ ಮೇಲೆ ಏರುತ್ತದೆ, ಸಿಟ್ಟು ಬಂದರೆ, ಚಳಿಯಾದರೆ ಏರುತ್ತದೆ. ಆದ್ದರಿಂದ ಒಂದು ಅಂಕಿ ನೋಡಿ ಹೆದರುವುದೂ ತಪ್ಪು, ಒಂದು ಅಂಕಿ ನೋಡಿ ನಿಶ್ಚಿಂತರಾಗುವುದೂ ತಪ್ಪು. ವೈದ್ಯರು ಕೇಳುವುದು ಒಂದು ವಾರದ ಲೆಕ್ಕವನ್ನು: ಬೆಳಿಗ್ಗೆ ತಿಂಡಿ ಮತ್ತು ಮಾತ್ರೆಗೆ ಮುಂಚೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ಸಂಜೆ ಹಾಗೆಯೇ ಎರಡು ಸಲ. ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು, ಉಳಿದುದರ ಸರಾಸರಿ ತೆಗೆಯಬೇಕು. ಬಂದದ್ದನ್ನೆಲ್ಲ ಬರೆಯಿರಿ. ಹೆಚ್ಚು ಬಂತೆಂದು ಒಂದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ. ಆ ವಾರ ಮುಗಿದ ಮೇಲೆ ದಿನಕ್ಕೆ ಹತ್ತು ಸಲ ಕಫ್ ಕಟ್ಟಿಕೊಳ್ಳುವ ಅಗತ್ಯವಿಲ್ಲ. ಆತಂಕದಿಂದ ಮತ್ತೆ ಮತ್ತೆ ನೋಡಿದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ.

“ಆಸ್ಪತ್ರೆಯಲ್ಲಿ ಮಾತ್ರ ಜಾಸ್ತಿ, ಮನೆಯಲ್ಲಿ ಸರಿ ಇದೆ”

ಡಾಕ್ಟರ ಮುಂದೆ ಕೂತಾಗ ಬಿಪಿ ಏರುವುದು ನಿಜ. ಬಿಳಿ ಕೋಟಿನ ಬಿಪಿ ಎಂದೇ ಅದಕ್ಕೆ ಹೆಸರು. ಅಂಥವರಿಗೆ ತಕ್ಷಣ ಮಾತ್ರೆ ಬೇಡವಾಗಬಹುದು, ಆದರೆ ಮುಂದೆ ಬಿಪಿ ಬರುವ ಸಾಧ್ಯತೆ ಅವರಲ್ಲಿ ಹೆಚ್ಚು. ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು. ನನಗೆ ಹೆಚ್ಚು ಆತಂಕ ತರುವುದು ಇದರ ತದ್ವಿರುದ್ಧ: ಆಸ್ಪತ್ರೆಯಲ್ಲಿ 130, ಮನೆಯಲ್ಲಿ, ಕೆಲಸದ ಜಾಗದಲ್ಲಿ 150. ಆಸ್ಪತ್ರೆಯ ಚೀಟಿಯಲ್ಲಿ ಎಲ್ಲ ಸರಿಯೆಂದೇ ಇರುವುದರಿಂದ ಈ ಮರೆಯಲ್ಲಿರುವ ಬಿಪಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಮನೆಯಲ್ಲಿ ಅಳೆಯುವುದರ ದೊಡ್ಡ ಉಪಯೋಗ ಇದನ್ನು ಹಿಡಿಯುವುದು. ಆಸ್ಪತ್ರೆಯಲ್ಲಿ 140/90 ಗಡಿಯಾದರೆ, ಮನೆಯ ಸರಾಸರಿಗೆ ಗಡಿ 135/85 ಎಂಬುದನ್ನೂ ನೆನಪಿಡಿ.

“ವಯಸ್ಸಿಗೆ ನೂರು ಕೂಡಿಸಿದರೆ ಅದೇ ನಾರ್ಮಲ್”

ಹಳೆಯ ಲೆಕ್ಕ, ಎಂದೋ ಕೈಬಿಟ್ಟದ್ದು. ಅರುವತ್ತೈದರ ಅಪ್ಪನಿಗೆ 165 ಸಹಜವಲ್ಲ. ವಯಸ್ಸಾದವರಲ್ಲಿ ಬಿಪಿ ಹಿಡಿತಕ್ಕೆ ತಂದರೆ ಪಾರ್ಶ್ವವಾಯು, ಹೃದಯ ಸೋಲುವುದು ಎರಡೂ ಕಡಿಮೆಯಾಗುತ್ತವೆ. ಮಾತ್ರೆ ತೆಗೆದುಕೊಳ್ಳುವ ಹಿರಿಯರು ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ ಎಂದರೆ ಮಾತ್ರ, ಕೂತಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ಅಳೆಯಿರಿ. ಮೇಲಿನ ಬಿಪಿ 20ರಷ್ಟು ಕುಸಿದರೆ ವೈದ್ಯರು ಮಾತ್ರೆ ಬದಲಿಸಬೇಕಾಗಬಹುದು.

“ಸೈಂಧವ ಲವಣ ಬಳಸುತ್ತೇವೆ, ಉಪ್ಪಿನ ಚಿಂತೆ ಇಲ್ಲ”

ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರಿನದು, ಉಪ್ಪಿನಕಾಯಿಯದು, ಹಪ್ಪಳ-ಸಂಡಿಗೆಯದು, ಬೇಕರಿಯ ಖಾರಾ ಬಿಸ್ಕತ್ತಿನದು ಎಲ್ಲವೂ ಇದರಲ್ಲೇ ಸೇರಬೇಕು. ಪೊಟ್ಯಾಸಿಯಂ ಬೆರೆಸಿದ ಉಪ್ಪಿನಿಂದ ಬಿಪಿ ಇಳಿಯುವುದುಂಟು, ಆದರೆ ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು.

“ಈಗ 120 ಬರುತ್ತಿದೆ, ಮಾತ್ರೆ ನಿಲ್ಲಿಸಬಹುದು”

120 ಬರುತ್ತಿರುವುದು ಮಾತ್ರೆಯಿಂದಲೇ. ತೂಕ ಇಳಿಸಿ, ಉಪ್ಪು ತಗ್ಗಿಸಿ, ದಿನವೂ ನಡೆದು ಬಿಪಿ ಇಳಿದಿದ್ದರೆ ಡೋಸ್ ಕಡಿಮೆ ಮಾಡುವ ಸಾಧ್ಯತೆ ಖಂಡಿತ ಇದೆ. ಅದನ್ನು ನಿಮ್ಮ ಒಂದು ವಾರದ ಲೆಕ್ಕ ನೋಡಿ ವೈದ್ಯರು ಮಾಡಲಿ. ಇನ್ನೊಂದು ಅಪಾಯದ ಅಭ್ಯಾಸವೂ ಉಂಟು. ಅಂಕಿ 180 ದಾಟಿತೆಂದು ಗಾಬರಿಯಾಗಿ ಮನೆಯಲ್ಲಿ ಯಾರದೋ ಮಾತ್ರೆಯನ್ನು ನಾಲಿಗೆ ಕೆಳಗಿಡುವುದು. ಬಿಪಿ ದಿಢೀರನೆ ಕುಸಿದರೆ ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಹೋಗಬಹುದು. ಐದು ನಿಮಿಷ ಕೂತು ಮತ್ತೆ ಅಳೆಯಿರಿ. 180/120ರ ಮೇಲೆಯೇ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಅಂದೇ ವೈದ್ಯರನ್ನು ಸಂಪರ್ಕಿಸಿ. ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಕಾಯುವಂತಿಲ್ಲ, 108ಕ್ಕೆ ಕರೆ ಮಾಡಬೇಕು.

“ಬಿಪಿ ಸರಿ, ನಾಡಿ ಸರಿ, ವಾಚಿನಲ್ಲೂ ಸರಿ. ಎದೆನೋವು ಗ್ಯಾಸ್‌ದೇ ಇರಬೇಕು”

ಜೀವ ತೆಗೆಯುವ ನಂಬಿಕೆ ಇದು. ಹೃದಯಾಘಾತವಾಗುತ್ತಿರುವಾಗಲೂ ಬಿಪಿ 120/80 ಇರಬಹುದು. ಆಕ್ಸಿಮೀಟರ್ ತೋರಿಸುವುದು ಆಮ್ಲಜನಕ ಮತ್ತು ನಾಡಿಯನ್ನು ಮಾತ್ರ. ವಾಚಿನ ಇಸಿಜಿ ಮಿಡಿತದ ತಾಳ ತಪ್ಪುವುದನ್ನು ಹಿಡಿಯಬಲ್ಲದು, ರಕ್ತನಾಳ ಕಟ್ಟಿಕೊಂಡಿರುವುದನ್ನಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ವಾಂತಿ, ದವಡೆ ಅಥವಾ ಬೆನ್ನಿನ ನೋವಾಗಿ ಬರುವುದೂ ಇದೆ. ಸೋಡಾ ಕುಡಿದು, ಜೀರಿಗೆ ಕಷಾಯ ಮಾಡಿಕೊಂಡು ಬೆಳಗಾಗಲಿ ಎಂದು ಕಾದ ಹೊತ್ತಿನಲ್ಲೇ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ಯೋಜನೆಯಲ್ಲಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರ ಸಲಹೆ ಪಡೆಯುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ, ಮನೆಯವರೆಲ್ಲರಿಗೂ ಹೇಳಿ.