ಮೇಲೆ ಥಳುಕು, ಒಳಗೆ ತುಕ್ಕು

ಹಳೆಯ ಕಾರೊಂದನ್ನು ಮನೆಯ ಹಿರಿಯರಂತೆ ಅಕ್ಕರೆಯಿಂದ ನೋಡಿಕೊಳ್ಳುವವರು ನಮ್ಮ ನಡುವೆ ಹಲವರಿದ್ದಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಇಂದೇ ಒಂದು ಕೆಲಸ ಮಾಡಿ. ಕಾರಿನ ಮುಂದೆ ನಿಂತು, ಎದುರು ಗಾಜಿನ ಸುತ್ತ ಹೊಳೆಯುವ ಬೀಡಿಂಗನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಒಂದು ಸುತ್ತು ಬನ್ನಿ. ಎಲ್ಲಾದರೂ ಅದು ಅಲುಗಾಡಿದರೆ, ಮೂಲೆಯಲ್ಲಿ ಎದ್ದು ನಿಂತಿದ್ದರೆ, “ಇಷ್ಟೇ ತಾನೆ, ಒಂದಿಷ್ಟು ಅಂಟು ಹಚ್ಚಿದರಾಯಿತು” ಎಂದುಕೊಳ್ಳಬೇಡಿ. ಹಾಗೆಂದುಕೊಂಡು ಕೆಟ್ಟವನು ನಾನು.

ನಮ್ಮದು ತಂದೆಯವರು ಬಿಟ್ಟುಹೋದ ಸ್ಟ್ಯಾಂಡರ್ಡ್ ಹೆರಾಲ್ಡ್. ಬೀಡಿಂಗ್ ಸಡಿಲವಾದಾಗ ಅಂಗಡಿಯಿಂದ ಒಂದು ಟ್ಯೂಬ್ ಸಿಲಿಕೋನ್ ತಂದು ಅಂಟಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಎರಡು ಮಳೆಗಾಲ ಕಳೆಯಿತು. ಮೂರನೆಯ ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಮುಗ್ಗಲು ವಾಸನೆ ಹಿಡಿಯಿತು. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಗಾಜು ಬಿಚ್ಚಿ ನೋಡಿದರೆ, ಕೆಳಗಿನ ಮೂಲೆಯ ತಗಡಿನಲ್ಲಿ ಬೆರಳು ತೂರುವಷ್ಟು ತೂತು! “ಸಾರ್, ನೀರು ಒಳಗೆ ಬರದ ಹಾಗೆ ನೀವು ಮುಚ್ಚಲಿಲ್ಲ. ಒಳಗೆ ಬಂದ ನೀರು ಹೊರಗೆ ಹೋಗದ ಹಾಗೆ ಮುಚ್ಚಿದಿರಿ” ಎಂದರು. ಅಂದು ಅವರಿಂದ ಕಲಿತದ್ದನ್ನೂ ಆಮೇಲೆ ತಿಳಿದುಕೊಂಡದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಹೆರಾಲ್ಡ್ 1961ರಿಂದ ಮದರಾಸಿನಲ್ಲೇ ತಯಾರಾದ ಕಾರು. ಮೂಲ ಮಾತ್ರ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ರೂಪ ಕೊಟ್ಟವನು ಇಟಲಿಯ ಜೊವಾನ್ನಿ ಮಿಕೆಲೋಟಿ. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಅದರ ಮೇಲೆ ಅದೇ ಮಿಕೆಲೋಟಿ ಬಿಡಿಸಿದ ಎರಡು ಸೀಟಿನ ಮೈ ಕೂರಿಸಿ, 1962ರಲ್ಲಿ ಹೊರತಂದ ಸ್ಪೋರ್ಟ್ಸ್ ಕಾರೇ ಟ್ರಯಂಫ್ ಸ್ಪಿಟ್‌ಫೈರ್. 1980ರವರೆಗೆ 3 ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು. ಹೀಗೆ ಹೆರಾಲ್ಡ್ ಅಣ್ಣನಾದರೆ ಸ್ಪಿಟ್‌ಫೈರ್ ತಮ್ಮ. ಎದುರು ಗಾಜನ್ನು ಹಿಡಿದಿಡುವ ಕ್ರಮ ಇಬ್ಬರದೂ ಒಂದೇ ಬಗೆ, ಕಾಯಿಲೆಯೂ ಒಂದೇ.

ಈ ಕ್ರಮ ಹೇಗೆಂದರೆ, ಗಾಜಿನ ಸುತ್ತ ದಪ್ಪ ರಬ್ಬರ್ ಇರುತ್ತದೆ. ಅದರ ಒಂದು ಬದಿಯ ಸಂದು ಗಾಜನ್ನು ಹಿಡಿದರೆ, ಇನ್ನೊಂದು ಬದಿಯ ಸಂದು ಚೌಕಟ್ಟಿನ ತಗಡನ್ನು ಹಿಡಿಯುತ್ತದೆ. ಹೊರಮುಖದಲ್ಲಿ ಮೂರನೆಯದೊಂದು ತೋಡು. ಬೀಡಿಂಗ್ ಕೂರುವುದು ಅಲ್ಲಿ. ಕ್ರೋಮಿನಂತೆ ಕಂಡರೂ ಇದು ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ಬೆಳ್ಳಿ ಬಣ್ಣದ ತೆಳು ಹಾಳೆ. ಇದು ಬರಿಯ ಅಲಂಕಾರವಲ್ಲ. ತೋಡಿನೊಳಗೆ ಕೂತಾಗ ರಬ್ಬರನ್ನು ಎರಡೂ ಕಡೆಗೆ ಅಗಲಿಸಿ, ಒಂದು ತುಟಿಯನ್ನು ಗಾಜಿಗೂ ಇನ್ನೊಂದನ್ನು ತಗಡಿಗೂ ಒತ್ತುತ್ತದೆ. ಪಟ್ಟಿ ಸಡಿಲವಾಯಿತೆಂದರೆ ಆ ಒತ್ತಡ ತಪ್ಪಿತು. ಮಳೆನೀರು ಸಂದಿಯಲ್ಲಿ ಇಳಿದು ಕೆಳಗಿನ ಮೂಲೆಗಳಲ್ಲಿ ನಿಲ್ಲುತ್ತದೆ. ಮಿಕ್ಕದ್ದನ್ನು ತುಕ್ಕು ನೋಡಿಕೊಳ್ಳುತ್ತದೆ. ಚೆನ್ನೈಯಂಥ ಊರಿನಲ್ಲಿ ಕತ್ತಿರಿ ಬಿಸಿಲಿಗೆ ರಬ್ಬರ್ ಒಣಗುತ್ತದೆ, ಕಡಲ ಗಾಳಿಯ ಉಪ್ಪು ತುಕ್ಕಿಗೆ ನೆರವಾಗುತ್ತದೆ, ಐಪ್ಪಸಿ ಕಾರ್ತಿಕದ ಮಳೆ ಬಂದು ಕೆಲಸ ಮುಗಿಸುತ್ತದೆ.

ಎಲ್ಲ ಕಾರುಗಳ ಬೀಡಿಂಗೂ ಹೀಗೆಯೇ ಇರುತ್ತದೆಂದು ತಿಳಿಯಬೇಡಿ. ಹಳೆಯ ಪೋರ್ಷ 911ರಲ್ಲಿ ಲೋಹದ ಪಟ್ಟಿಯನ್ನು ಮೊದಲೇ ರಬ್ಬರಿಗೆ ಸೇರಿಸಿ, ಆಮೇಲೆ ಗಾಜನ್ನು ಕೂರಿಸಬೇಕು. 1960ರ ದಶಕದ ಫೋರ್ಡ್ ಮಸ್ಟಾಂಗಿನಲ್ಲಿ ಪಟ್ಟಿಯನ್ನು ಹಿಡಿದಿರುವುದು ಕಾರಿನ ಮೈಗೆ ಸೇರಿಸಿದ ಕ್ಲಿಪ್ಪುಗಳು. ಅಲ್ಲಿ ಪಟ್ಟಿ ಎದ್ದಿದೆ ಎಂದರೆ ಕ್ಲಿಪ್ ಮುರಿದಿದೆ ಅಥವಾ ಅದರ ಬುಡ ತುಕ್ಕು ತಿಂದಿದೆ ಎಂದೇ ಲೆಕ್ಕ. ನಿಮ್ಮದು ಯಾವ ಜಾತಿ ಎಂದು ತಿಳಿಯದೆ ಎಳೆಯಲು ಹೋಗಬೇಡಿ.

ಇನ್ನು ರಿಪೇರಿಗೆ ಬರೋಣ. ಮೊದಲು ಒಬ್ಬರನ್ನು ಕಾರಿನೊಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋದರೆ ನೀರು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ. ಆಮೇಲೆ ಪಟ್ಟಿಯ ಎರಡು ತುದಿ ಕೂಡುವ ಜಾಗದಲ್ಲಿರುವ ಪುಟ್ಟ ಮುಚ್ಚಳವನ್ನು ಎಬ್ಬಿಸಿ, ಅಲ್ಲಿಂದ ಪಟ್ಟಿಯನ್ನು ನಿಧಾನವಾಗಿ ಬಿಡಿಸಿ. ಸ್ಕ್ರೂಡ್ರೈವರ್ ಬೇಡ. ಗಾಜಿನ ಅಂಚಿಗೆ ಒಂದು ಪೆಟ್ಟು ಬಿದ್ದರೂ ಸಾಕು, ಗಾಜು ಸೀಳಬಹುದು. ಮೊಂಡು ಮಾಡಿದ ಮರದ ಚಕ್ಕೆ ಒಳ್ಳೆಯದು.

ಈಗ ರಬ್ಬರಿಗೆ ಉಗುರು ಒತ್ತಿ ನೋಡಿ. ಮೆತ್ತಗಿದ್ದರೆ ಪಟ್ಟಿ ಮಾತ್ರ ಬದಲಿಸಿದರೆ ಸಾಕು. ಕಲ್ಲಿನಂತಾಗಿ ಬಿರುಕು ಬಿಟ್ಟಿದ್ದರೆ ಹೊಸ ಪಟ್ಟಿ ಹಾಕುವುದು ವ್ಯರ್ಥ. ಗಾಜು ಇಳಿಸಿ ರಬ್ಬರನ್ನೇ ಬದಲಿಸಬೇಕು. ಗಾಜು ಇಳಿಸಿದಾಗ ಚೌಕಟ್ಟಿನ ಕೆಳಮೂಲೆಗಳನ್ನು ಚುಚ್ಚಿ ನೋಡಲು ಮರೆಯದಿರಿ. ತುಕ್ಕನ್ನು ಲೋಹ ಕಾಣುವವರೆಗೆ ಕೆರೆದು, ಪ್ರೈಮರ್ ಮತ್ತು ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೆಲಸ.

ಗಾಜನ್ನು ಮತ್ತೆ ಕೂರಿಸಲು ಇಬ್ಬರು ಬೇಕು. ರಬ್ಬರನ್ನು ಗಾಜಿಗೆ ತೊಡಿಸಿ, ತಗಡು ಕೂರುವ ಸಂದಿನಲ್ಲಿ ಸುತ್ತಲೂ ಗಟ್ಟಿ ದಾರವಿಟ್ಟು, ಅದರ ಎರಡು ತುದಿಗಳನ್ನು ಒಳಗೆ ಇಳಿಬಿಡಿ. ಹೊರಗಿನವರು ಅಂಗೈಯಿಂದ ಒತ್ತುತ್ತಿರಲು ಒಳಗಿನವರು ದಾರ ಎಳೆಯುತ್ತಾ ಬಂದರೆ ರಬ್ಬರಿನ ತುಟಿ ತಗಡಿನ ಮೇಲೇರಿ ಕೂರುತ್ತದೆ.

ಹೊಸ ಪಟ್ಟಿಯನ್ನು ಬಿಸಿಲಿನಲ್ಲೋ ಬಿಸಿನೀರಿನಲ್ಲೋ ಮೆತ್ತಗಾಗಿಸಿಕೊಳ್ಳಿ. ತೋಡಿಗೆ ಸೋಪಿನ ನೀರು ಹಚ್ಚಿ. ಗ್ರೀಸ್, ಸೀಮೆಎಣ್ಣೆ ರಬ್ಬರಿಗೆ ಶತ್ರು. ತುದಿಯಲ್ಲಿ ಕುಣಿಕೆಯಿರುವ ಒಂದು ಸಾಧನ ಬರುತ್ತದೆ. ಪಟ್ಟಿಯನ್ನು ಕುಣಿಕೆಯೊಳಗೆ ತೂರಿಸಿ ತೋಡಿನುದ್ದಕ್ಕೂ ನಡೆಸಿದರೆ, ಅದು ತುಟಿ ಬಿಡಿಸುತ್ತಾ ಹೋದಂತೆ ಹಿಂದೆಯೇ ಪಟ್ಟಿ ಕೂರುತ್ತದೆ. ಇಲ್ಲಿ ಒಂದು ಎಚ್ಚರ: ಪಟ್ಟಿಯನ್ನು ಎಳೆಯಬೇಡಿ, ಒಳಕ್ಕೆ ತಳ್ಳುತ್ತಾ ಹೋಗಿ. ಎಳೆದು ಕೂರಿಸಿದ್ದು ಕೆಲವೇ ದಿನಗಳಲ್ಲಿ ಕುಗ್ಗಿ, ಸೇರುವೆಯಲ್ಲಿ ಬಾಯಿ ಬಿಡುತ್ತದೆ. ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟು, ಮರುದಿನ ಕತ್ತರಿಸಿ ಮುಚ್ಚಳ ಹಾಕಿ.

ಆಮೇಲೂ ನೀರು ಜಿನುಗಿದರೆ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಮ್ಯಾಸ್ಟಿಕ್ ಸೀಲಂಟನ್ನು ರಬ್ಬರಿನ ತುಟಿಯಡಿ ಹಾಕಬಹುದು. ವಿನೆಗರಿನ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಅದು ಒಣಗುವಾಗ ಬಿಡುವ ಆಮ್ಲವೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನಾನು ಅಂದು ಹಚ್ಚಿದ್ದು ಅದನ್ನೇ.

ನಮ್ಮ ಹೆರಾಲ್ಡಿಗೆ ಎರಡು ಮೂಲೆಗಳಲ್ಲೂ ಹೊಸ ತಗಡು ಬೆಸೆಸಬೇಕಾಯಿತು. ರಬ್ಬರಿಗಾಗಿ ಪುದುಪೇಟೆಯ ಅಂಗಡಿಗಳನ್ನು ಎಷ್ಟು ಸಲ ಸುತ್ತಿದೆನೋ ಲೆಕ್ಕವಿಲ್ಲ. ಖರ್ಚಿಗಿಂತ ಹೆಚ್ಚು ನೋಯಿಸಿದ್ದು ಬೇರೆ. ತಂದೆಯವರು ಪ್ರತಿ ಭಾನುವಾರ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಆ ಬೀಡಿಂಗನ್ನು ಒರೆಸುತ್ತಿದ್ದರು. ಹೊಳಪಿಗಾಗಿ ಒರೆಸುತ್ತಾರೆಂದೇ ನಾನು ಎಣಿಸಿದ್ದೆ. ಒರೆಸುವ ನೆವದಲ್ಲಿ ಅವರ ಹೆಬ್ಬೆರಳು ಅದನ್ನು ಉದ್ದಕ್ಕೂ ಒತ್ತಿ ನೋಡುತ್ತಿತ್ತು ಎಂಬುದು ಈಗ ಹೊಳೆಯುತ್ತಿದೆ.

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ನಿಮ್ಮ ಹೆಬ್ಬೆರಳಿಗೂ ಆ ಕೆಲಸ ಕೊಡಿ.